ಹೊನ್ನಶೂಲದ ಮೇಲೆ ಹದಿನೆಂಟರ ಹುಡುಗ

(ಉತ್ತರ ಕ್ಯಾರೊಲೈನಾದ ಕ್ಯಾರಿ ಪಟ್ಟಣದಲ್ಲಿ ಕನ್ನಡ ಕುಟುಂಬಗಳು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಸಭಿಕರೆ,

ಇಲ್ಲಿ ಕುಳಿತಿರುವವರಲ್ಲಿ ಕೆಲವರ ಮಕ್ಕಳು ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾರೆ, ಇನ್ನು ಕೆಲವರ ಮಕ್ಕಳು ಅಲ್ಲಿಂದ ಹತ್ತು ಹನ್ನೊಂದು ಮೈಲಿ ದೂರದ ಡ್ಯೂಕ್‌ನಲ್ಲಿದ್ದಾರೆ. ಒಂದೇ ಮನೆಯಲ್ಲಿ ಅಣ್ಣ ಚಾಪೆಲ್ ಹಿಲ್‌ನ ತಿಳಿನೀಲಿ ಅಂಗಿ ತೊಟ್ಟು ತಂಗಿ ಡ್ಯೂಕ್‌ನ ಕಡುನೀಲಿ ಅಂಗಿ ತೊಡುವ ಕುಟುಂಬಗಳೂ ನಮ್ಮ ನಡುವೆ ಇವೆ. ಆದ್ದರಿಂದ ಈ ಊರಿನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೇನು ಎಂಬುದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ಇತ್ತೀಚೆಗಷ್ಟೇ ಊರಿನಿಂದ ಬಂದ ಹಿರಿಯರೊಬ್ಬರು ಕಳೆದ ವಾರ ನನ್ನನ್ನು ಕೇಳಿದ ಪ್ರಶ್ನೆ ಈ ಉಪನ್ಯಾಸಕ್ಕೆ ಕಾರಣವಾಯಿತು. "ಇನ್ನೂ ಕಾಲೇಜಿಗೆ ಕಾಲಿಡದ ಹುಡುಗನ ಬಗ್ಗೆ ಇಷ್ಟು ಜನ ಇಷ್ಟೊಂದು ಮಾತಾಡುತ್ತಾರಲ್ಲ, ಅವನು ಇವರಿಗೆ ಏನು ಕೊಡಬೇಕಾಗಿದೆ?" ಎಂದು ಅವರು ಕೇಳಿದರು. ಬೆಂಗಳೂರಿನಲ್ಲಿ ಅಂತರಕಾಲೇಜು ಪಂದ್ಯಗಳನ್ನು ಆಟಗಾರರ ಗೆಳೆಯರು ಬಿಟ್ಟರೆ ಬೇರೆ ಯಾರೂ ನೋಡದೆ ಇದ್ದುದನ್ನು ಕಂಡವರಿಗೆ ಈ ಪ್ರಶ್ನೆ ಸಹಜ. ನನಗೆ ಅದು ಸರಿಯಾದ ಪ್ರಶ್ನೆಯೂ ಅನ್ನಿಸಿತು, ಏಕೆಂದರೆ "ಕೊಡಬೇಕಾಗಿದೆ" ಎಂಬ ಕ್ರಿಯಾಪದದಲ್ಲಿಯೇ ಅಭಿಮಾನಿಯ ನಿರೀಕ್ಷೆಯ ಸ್ವರೂಪವೆಲ್ಲ ಅಡಗಿದೆ. ಹೈಸ್ಕೂಲ್ ಆಟಗಾರರಿಗೆ ದರ್ಜೆ ಕೊಟ್ಟು ಪಟ್ಟಿ ಮಾಡುವವರು ಹುಡುಗನ ಬಗ್ಗೆ ಒಂದು ಅಂದಾಜನ್ನು ಹೇಳುತ್ತಾರೆ. ಅದು ಅಭಿಮಾನಿಯ ಕಿವಿಗೆ ಬೀಳುವ ಹೊತ್ತಿಗೆ ಹುಡುಗನೇ ಬರೆದುಕೊಟ್ಟ ಸಾಲಪತ್ರವಾಗಿರುತ್ತದೆ.

ಇದನ್ನು ನಾನು ಹತ್ತಿರದಿಂದ ಕಂಡ ಒಬ್ಬ ಆಟಗಾರನ ಮೂಲಕ ಹೇಳುತ್ತೇನೆ. ಆತ ಹ್ಯಾರಿಸನ್ ಬಾರ್ನ್ಸ್.

ಬಾರ್ನ್ಸ್ ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನವನು. ತಾಯಿ ಮೈಕೆಲ್ ಜೋರ್ಡನ್‌ನ ಅಭಿಮಾನಿ. ಮಗನ ಪೂರ್ಣ ಹೆಸರು ಹ್ಯಾರಿಸನ್ ಬ್ರೈಸ್ ಜೋರ್ಡನ್ ಬಾರ್ನ್ಸ್. ಏಮ್ಸ್ ಹೈಸ್ಕೂಲ್ ತಂಡ ಅವನ ಕೊನೆಯ ಎರಡು ವರ್ಷಗಳಲ್ಲಿ ಆಡಿದ 53 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಎರಡು ಸಲ ರಾಜ್ಯ ಚಾಂಪಿಯನ್ ಆಯಿತು. 2010ರಲ್ಲಿ ಹೈಸ್ಕೂಲ್ ಮುಗಿಸಿದ ಆಟಗಾರರ ಹಲವು ಪಟ್ಟಿಗಳಲ್ಲಿ ಅವನ ಹೆಸರು ಎಲ್ಲರಿಗಿಂತ ಮೇಲಿತ್ತು. ಡ್ಯೂಕ್ ಕೂಡ ಅವನಿಗಾಗಿ ಬಹಳ ಪ್ರಯತ್ನಪಟ್ಟಿತ್ತು. 2009ರ ನವೆಂಬರ್ 13ರಂದು ಆತ ಏಮ್ಸ್‌ನಲ್ಲಿ ಕುಳಿತು, ಸ್ಕೈಪ್ ಮೂಲಕ ಚಾಪೆಲ್ ಹಿಲ್‌ನ ಕೋಚ್ ರಾಯ್ ವಿಲಿಯಮ್ಸ್ ಅವರಿಗೆ ಕರೆ ಮಾಡಿ ತನ್ನ ಆಯ್ಕೆಯನ್ನು ತಿಳಿಸಿದ. ಆಗ ಅವನ ವಯಸ್ಸು ಹದಿನೇಳು. ಜೋರ್ಡನ್ ಓದಿದ ವಿಶ್ವವಿದ್ಯಾಲಯಕ್ಕೆ ಜೋರ್ಡನ್ ಎಂಬ ಹೆಸರು ಹೊತ್ತ ಹುಡುಗ ಬರುತ್ತಿದ್ದಾನೆ, ಅದೂ ಡ್ಯೂಕನ್ನು ಬಿಟ್ಟು ಬರುತ್ತಿದ್ದಾನೆ ಎಂದಾಗ ಇಲ್ಲಿನ ಅಭಿಮಾನಿಗಳು ಅದನ್ನು ಶಕುನವೆಂದೇ ಭಾವಿಸಿದರು.

ಮುಂದಿನ ಕೆಲವು ತಿಂಗಳುಗಳಲ್ಲಿ ನಡೆದದ್ದು ಈ ನಿರೀಕ್ಷೆಯನ್ನು ಹಲವು ಪಟ್ಟು ಹೆಚ್ಚಿಸಿತು, ಮತ್ತು ಅದರಲ್ಲಿ ಬಾರ್ನ್ಸ್‌ನ ಕೈವಾಡ ಏನೂ ಇರಲಿಲ್ಲ. 2009ರ ಏಪ್ರಿಲ್‌ನಲ್ಲಿ ಕ್ಯಾರೊಲೈನಾ, ಅಂದರೆ ಚಾಪೆಲ್ ಹಿಲ್‌ನ ತಂಡ, ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಆ ತಂಡದ ಆಧಾರಸ್ತಂಭಗಳಾಗಿದ್ದ ಟೈಲರ್ ಹ್ಯಾನ್ಸ್‌ಬ್ರೊ, ಟೈ ಲಾಸನ್, ವೇಯ್ನ್ ಎಲ್ಲಿಂಗ್ಟನ್ ಮತ್ತು ಡ್ಯಾನಿ ಗ್ರೀನ್ ಒಟ್ಟಿಗೇ ಹೊರಟುಹೋದರು. 2009-10ರ ತಂಡ 20 ಪಂದ್ಯ ಗೆದ್ದು 17 ಸೋತು, ರಾಷ್ಟ್ರೀಯ ಟೂರ್ನಿಗೆ ಆಯ್ಕೆಯೇ ಆಗಲಿಲ್ಲ. 2010ರ ಏಪ್ರಿಲ್‌ನಲ್ಲಿ ಡ್ಯೂಕ್ ಬಟ್ಲರ್ ತಂಡವನ್ನು 61-59ರಿಂದ ಸೋಲಿಸಿ ಚಾಂಪಿಯನ್ ಆಯಿತು. ನಾನು ಈ ಪಟ್ಟಣಕ್ಕೆ ಬಂದು ನೆಲೆಸಿ ಆಗ ಎರಡು ವರ್ಷವಾಗಿತ್ತು. ಕಚೇರಿಯಲ್ಲಿ ತಿಳಿನೀಲಿ ಅಭಿಮಾನಿಗಳು ಆ ಬೇಸಿಗೆಯನ್ನು ಹೇಗೆ ಕಳೆದರೆಂದು ನನಗೆ ನೆನಪಿದೆ. ಅವರ ಮಾತಿನಲ್ಲಿ "ಬಾರ್ನ್ಸ್ ಬರಲಿ" ಎಂಬುದು ಪಲ್ಲವಿಯಂತೆ ಮತ್ತೆ ಮತ್ತೆ ಬರುತ್ತಿತ್ತು. ಒಂದು ವರ್ಷದ ಅವಮಾನ, ನೆರೆಯವರ ಗೆಲುವು ತಂದ ಸಂಕಟ, ಕಳೆದುಹೋದ ನಾಲ್ವರು ಆಟಗಾರರ ನೆನಪು, ಇವೆಲ್ಲವನ್ನೂ ಅವರು ಇನ್ನೂ ಒಂದು ಪಂದ್ಯವನ್ನೂ ಆಡದ ಹುಡುಗನ ಲೆಕ್ಕಕ್ಕೆ ಬರೆದಿದ್ದರು. ನಾನೂ ಅವರಲ್ಲೊಬ್ಬನಾಗಿದ್ದೆ.

ಆ ಶರತ್ಕಾಲದಲ್ಲಿ ಇನ್ನೊಂದು ಗೌರವ ಸೇರಿಕೊಂಡಿತು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಋತು ಆರಂಭವಾಗುವ ಮುನ್ನ ಪ್ರಕಟಿಸುವ ಆಲ್-ಅಮೆರಿಕ ತಂಡಕ್ಕೆ, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಗೆ, ಬಾರ್ನ್ಸ್ ಆಯ್ಕೆಯಾದ. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಆ ತಂಡದಲ್ಲಿ ಸ್ಥಾನ ಪಡೆದದ್ದು ಅದೇ ಮೊದಲು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದು ನಮ್ಮಲ್ಲಿ ಹೇಳುತ್ತೇವಲ್ಲ, ಅದು ಇದೇ. ಆ ಶೂಲವನ್ನು ಕೆತ್ತಿದವರಲ್ಲಿ ಯಾರಿಗೂ ಕೇಡು ಬಗೆಯುವ ಮನಸ್ಸಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ಚಿನ್ನವನ್ನು ಕೊಟ್ಟವರು.

ನವೆಂಬರ್‌ನಲ್ಲಿ ತಂಡ ಪೋರ್ಟೊ ರಿಕೊಗೆ ಹೋಗಿ ಮಿನ್ನೆಸೋಟಾಗೂ ವ್ಯಾಂಡರ್‌ಬಿಲ್ಟ್‌ಗೂ ಸೋತಿತು, ತಿಂಗಳ ಕೊನೆಯಲ್ಲಿ ಇಲಿನಾಯ್‌ಗೂ ಸೋತಿತು. ಬಾರ್ನ್ಸ್‌ನ ಎಸೆತಗಳು ಸಾಲುಸಾಲಾಗಿ ಹುಸಿಹೋದವು. ದೇಶದ ತಂಡಗಳ ಶ್ರೇಯಾಂಕದಲ್ಲಿ ಮೊದಲ ಹತ್ತರೊಳಗೆ ಇದ್ದ ತಂಡ ಡಿಸೆಂಬರ್ ಹೊತ್ತಿಗೆ ಮೊದಲ 25ರ ಪಟ್ಟಿಯಿಂದಲೇ ಹೊರಬಿದ್ದಿತ್ತು. ಆಗ ಜನರ ಮಾತು ಎಷ್ಟು ಬೇಗ ಬದಲಾಯಿತೆಂದರೆ, ಅಕ್ಟೋಬರ್‌ನಲ್ಲಿ ಅವನನ್ನು ಜೋರ್ಡನ್‌ನ ಪಕ್ಕದಲ್ಲಿ ನಿಲ್ಲಿಸಿದ್ದವರೇ "ಪಟ್ಟಿ ಮಾಡಿದವರು ನಮಗೆ ಮೋಸ ಮಾಡಿದರು" ಎನ್ನತೊಡಗಿದರು. ಮೋಸ ಎಂಬ ಪದವನ್ನು ಗಮನಿಸಿ. ಸಾಲ ಕೊಟ್ಟವನಷ್ಟೇ ಆ ಪದವನ್ನು ಬಳಸುತ್ತಾನೆ. ಹದಿನೆಂಟು ವರ್ಷದ ವಿದ್ಯಾರ್ಥಿಯಾದರೋ ಆ ದಿನಗಳಲ್ಲಿ ಮನೆಯಿಂದ ಸಾವಿರ ಮೈಲಿ ದೂರದಲ್ಲಿ ತನ್ನ ಮೊದಲ ಸೆಮಿಸ್ಟರ್‌ನ ಪರೀಕ್ಷೆಗಳನ್ನು ಬರೆಯುತ್ತಿದ್ದ.

ಈಗ ಆ ಪಟ್ಟಿಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ತಪ್ಪು ಮೊದಲು ನಡೆಯುವುದು ಅಲ್ಲಿಯೇ, ಅದೂ ಪಟ್ಟಿಯನ್ನು ಮಾಡುವುದರಲ್ಲಲ್ಲ, ಓದುವುದರಲ್ಲಿ. ಹೈಸ್ಕೂಲ್ ಆಟಗಾರರಿಗೆ ಐದು ನಕ್ಷತ್ರಗಳವರೆಗೆ ದರ್ಜೆ ಕೊಡುವವರು ಬೇಸಿಗೆಯ ಕ್ಲಬ್ ಟೂರ್ನಿಗಳಲ್ಲಿ ಹುಡುಗರನ್ನು ಸತತವಾಗಿ ನೋಡುತ್ತಾರೆ; ಅವರ ಎತ್ತರ, ಜಿಗಿತ, ಕೈಚಳಕ, ಎಸೆತದ ಲಯ, ಇನ್ನೂ ಎಷ್ಟು ಬೆಳೆಯಬಲ್ಲರು ಎಂಬುದನ್ನೆಲ್ಲ ತೂಗುತ್ತಾರೆ. ಅದು ಪರಿಶ್ರಮದ ಕೆಲಸ, ಬಹಳ ಸಲ ಸರಿಯಾಗಿಯೂ ಇರುತ್ತದೆ. ಆದರೆ ಆ ದರ್ಜೆ ಹೇಳುವುದು ಒಂದೇ ಸಂಗತಿಯನ್ನು: ತನ್ನ ವಯಸ್ಸಿನ ಇತರ ಹುಡುಗರ ನಡುವೆ ಈತ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು. ಇಪ್ಪತ್ತೆರಡರ ವಯಸ್ಸಿನ, ನಾಲ್ಕು ವರ್ಷ ಭಾರ ಎತ್ತಿ ಮೈ ಗಟ್ಟಿಮಾಡಿಕೊಂಡ ಎದುರಾಳಿಯ ಮುಂದೆ ಆತ ಏನಾಗುತ್ತಾನೆ, ಅವನಿಗೆ ಚೆಂಡು ಕೊಡುವವನು ಯಾರು, ಅವನ ಪಕ್ಕದಲ್ಲಿ ನಿಲ್ಲುವವರು ಎಂಥವರು ಎಂಬುದು ಆ ದರ್ಜೆಯಲ್ಲಿ ಇಲ್ಲ, ಇರಲೂ ಸಾಧ್ಯವಿಲ್ಲ. ಅಭಿಮಾನಿ ಮಾತ್ರ ಐದು ನಕ್ಷತ್ರಗಳನ್ನು ಕಂಡಕೂಡಲೇ ಅವುಗಳನ್ನು ಗೆಲುವಿನ ಸಂಖ್ಯೆಯಾಗಿ ಪರಿವರ್ತಿಸುತ್ತಾನೆ.

ಇದಕ್ಕೆ ಏಮ್ಸ್ ಹೈಸ್ಕೂಲ್‌ಗಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಸೋಲರಿಯದ ಆ ತಂಡದಲ್ಲಿ ಬಾರ್ನ್ಸ್ ಜೊತೆಗೆ ಡಗ್ ಮೆಕ್‌ಡರ್ಮಟ್ ಎಂಬ ಇನ್ನೊಬ್ಬ ಹುಡುಗನಿದ್ದ. ದೇಶದ ದೊಡ್ಡ ತಂಡಗಳು ಬಾರ್ನ್ಸ್‌ಗಾಗಿ ಏಮ್ಸ್‌ಗೆ ಬಂದು ಹೋಗುತ್ತಿದ್ದಾಗ ಅದೇ ಅಂಕಣದಲ್ಲಿದ್ದ ಮೆಕ್‌ಡರ್ಮಟ್‌ನನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆತ ತನ್ನ ತಂದೆ ಕೋಚ್ ಆಗಿದ್ದ ಕ್ರೈಟನ್ ವಿಶ್ವವಿದ್ಯಾಲಯಕ್ಕೆ ಹೋಗಿ, ನಾಲ್ಕು ವರ್ಷ ಅಲ್ಲಿಯೇ ಇದ್ದು 3,150 ಅಂಕ ಗಳಿಸಿ, 2014ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನೆನಿಸಿಕೊಂಡ. ಒಂದೇ ಶಾಲೆ, ಒಂದೇ ವರ್ಷ, ಒಂದೇ ತಂಡ. ಒಬ್ಬನ ಮೇಲೆ ಇಡೀ ರಾಜ್ಯದ ಕಣ್ಣಿತ್ತು, ಇನ್ನೊಬ್ಬನಿಗೆ ತನ್ನ ಪಾಡಿಗೆ ಬೆಳೆಯುವ ಬಿಡುವಿತ್ತು. ಬಾರ್ನ್ಸ್‌ನನ್ನು ಮೊದಲನೆಯವನೆಂದು ಕರೆದವರು ಮೂರ್ಖರೆಂದು ನಾನು ಹೇಳುತ್ತಿಲ್ಲ. ಹದಿನೇಳರಲ್ಲಿ ಅವನೇ ಉತ್ತಮನಾಗಿದ್ದ, ಮತ್ತು ಆ ಮಾತು ಹದಿನೇಳಕ್ಕೆ ಮಾತ್ರ ಸಲ್ಲುತ್ತಿತ್ತು.

ಇನ್ನು 2011ರ ಜನವರಿಗೆ ಬರೋಣ. ಜನವರಿ 16ರಂದು ಕ್ಯಾರೊಲೈನಾ ಜಾರ್ಜಿಯಾ ಟೆಕ್ ವಿರುದ್ಧ 78-58ರಿಂದ ಸೋತಿತು. ಎರಡು ದಿನಗಳ ನಂತರದ ಕ್ಲೆಮ್ಸನ್ ಪಂದ್ಯದಲ್ಲಿ ರಾಯ್ ವಿಲಿಯಮ್ಸ್ ಅವರು ಲ್ಯಾರಿ ಡ್ರೂ ಎಂಬ ಪಾಯಿಂಟ್ ಗಾರ್ಡ್‌ನ (ಚೆಂಡನ್ನು ಹಂಚಿ ತಂಡದ ಆಟವನ್ನು ನಡೆಸುವ ಆಟಗಾರನ) ಬದಲು ಮೊದಲ ವರ್ಷದ ಕೆಂಡಲ್ ಮಾರ್ಷಲ್‌ನನ್ನು ಆರಂಭದಿಂದ ಆಡಿಸಿದರು. ಮಾರ್ಷಲ್ ವೇಗದ ಓಟಗಾರನಲ್ಲ, ಒಳ್ಳೆಯ ಎಸೆತಗಾರನೂ ಅಲ್ಲ. ಆದರೆ ಜೊತೆಗಾರ ಎಲ್ಲಿರುತ್ತಾನೆಂಬುದನ್ನು ಆ ಜೊತೆಗಾರನಿಗಿಂತ ಒಂದು ಕ್ಷಣ ಮೊದಲೇ ತಿಳಿದು, ಚೆಂಡನ್ನು ಅಲ್ಲಿಗೆ ಮುಟ್ಟಿಸುವ ಅಪರೂಪದ ಗುಣ ಅವನಲ್ಲಿತ್ತು. ಬಾರ್ನ್ಸ್‌ನ ಆಟಕ್ಕೆ ಬೇಕಾಗಿದ್ದುದು ಇದೇ. ಆತ ಚೆಂಡನ್ನು ಪುಟಿಸುತ್ತಾ ನಾಲ್ವರನ್ನು ದಾಟಿ ದಾರಿ ಮಾಡಿಕೊಳ್ಳುವ ಜಾತಿಯ ಆಟಗಾರನಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಚೆಂಡು ಕೈಗೆ ಬಂದರೆ ಕಣ್ಣು ಕದಲಿಸದೆ ಬುಟ್ಟಿಗೆ ಹಾಕುವವನು. ಜನವರಿ 26ರಂದು ಮಯಾಮಿಯಲ್ಲಿ, ಮಾರ್ಚ್ 2ರಂದು ಫ್ಲೋರಿಡಾ ಸ್ಟೇಟ್‌ನಲ್ಲಿ, ಪಂದ್ಯದ ಕೊನೆಯ ಸೆಕೆಂಡುಗಳಲ್ಲಿ ಅವನ ಮೂರು ಅಂಕದ ಎಸೆತಗಳೇ ಗೆಲುವು ತಂದವು. ಮಾರ್ಚ್ 5ರಂದು ಡ್ಯೂಕನ್ನು ಸೋಲಿಸಿ ತಂಡ, ಎರಡೂ ವಿಶ್ವವಿದ್ಯಾಲಯಗಳು ಸೇರಿರುವ ಎಸಿಸಿ ಎಂಬ ಲೀಗ್‌ನ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಮಾರ್ಚ್ 12ರಂದು ಎಸಿಸಿ ಟೂರ್ನಿಯ ಸೆಮಿಫೈನಲ್‌ನಲ್ಲಿ ಆತ ಕ್ಲೆಮ್ಸನ್ ವಿರುದ್ಧ 40 ಅಂಕ ಗಳಿಸಿದ. ಆ ಟೂರ್ನಿಯಲ್ಲಿ ಮೊದಲ ವರ್ಷದ ಯಾವ ಆಟಗಾರನೂ ಅದಕ್ಕೆ ಮುಂಚೆ ಅಷ್ಟು ಗಳಿಸಿರಲಿಲ್ಲ. ಕೊನೆಗೆ ತಂಡ 29 ಗೆಲುವು, 8 ಸೋಲಿನೊಂದಿಗೆ, ರಾಷ್ಟ್ರೀಯ ಟೂರ್ನಿಯ ಕೊನೆಯ ಎಂಟರ ಘಟ್ಟದಲ್ಲಿ ಕೆಂಟಕಿಗೆ 76-69ರಿಂದ ಸೋತು ಹಿಂದಿರುಗಿತು.

ನವೆಂಬರ್‌ನಲ್ಲಿ ಮೋಸಗಾರನೆನಿಸಿದವನು ಮಾರ್ಚ್‌ನಲ್ಲಿ ಮತ್ತೆ ದೇವರಾದ. ಎರಡು ಸಲವೂ ಅಭಿಮಾನಿಗಳು ನೋಡಿದ್ದು ಅವನೊಬ್ಬನನ್ನೇ. ನಡುವೆ ಪಾಯಿಂಟ್ ಗಾರ್ಡ್ ಬದಲಾದದ್ದನ್ನು ಕಂಡವರು ಇದ್ದರು, ಆದರೆ ಅದನ್ನು ಬಾರ್ನ್ಸ್‌ನ ಲೆಕ್ಕದಲ್ಲಿ ಸೇರಿಸಿ ನೋಡಿದವರು ಕಡಿಮೆ. ಲ್ಯಾರಿ ಡ್ರೂ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಆತ ಫೆಬ್ರವರಿಯಲ್ಲಿ ಋತುವಿನ ನಡುವೆಯೇ ತಂಡ ಬಿಟ್ಟು ಹೋದಾಗ ಇಲ್ಲಿ ಅವನ ಬಗ್ಗೆ ಬಹಳ ಕಟುವಾದ ಮಾತುಗಳು ಕೇಳಿಬಂದವು. ಎರಡು ವರ್ಷಗಳ ನಂತರ ಅದೇ ಆಟಗಾರ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದಲ್ಲಿ ಒಂದೇ ಋತುವಿನ ಅಸಿಸ್ಟ್‌ಗಳ, ಅಂದರೆ ಜೊತೆಗಾರ ಅಂಕ ಗಳಿಸುವಂತೆ ಕೊಟ್ಟ ಪಾಸ್‌ಗಳ, ದಾಖಲೆಯನ್ನು ಮುರಿದ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಂಕಣದ ಮೇಲೆ ಇರುವವರು ಐವರು. ಒಬ್ಬನ ಸ್ಥಾನ ಬದಲಾದರೆ ಉಳಿದ ನಾಲ್ವರ ಆಟದ ಅರ್ಥವೇ ಬದಲಾಗುತ್ತದೆ, ಮತ್ತು ಇಲ್ಲಿ ಸಲ್ಲದವನು ಅಲ್ಲಿ ಸಲ್ಲುತ್ತಾನೆ.

ಹಿಂದೆ ಈ ಆಟಕ್ಕೆ ಒಂದು ನಿಯಮವಿತ್ತು. ಅದನ್ನು ನೆನೆದಾಗ ನನಗೆ ಸ್ವಲ್ಪ ಆಸೆಯೇ ಆಗುತ್ತದೆ. 1972ರವರೆಗೆ ಮೊದಲ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ; ಅವರಿಗೆ ಬೇರೆಯೇ ತಂಡವಿರುತ್ತಿತ್ತು. ಮುಂದೆ ಕರೀಮ್ ಅಬ್ದುಲ್-ಜಬ್ಬಾರ್ ಎಂದು ಹೆಸರಾದ ಲ್ಯೂ ಆಲ್ಸಿಂಡರ್ ನ್ಯೂಯಾರ್ಕ್‌ನಿಂದ ಯುಸಿಎಲ್‌ಎಗೆ 1965ರಲ್ಲಿ ಬಂದಾಗ ಅವನ ಮೇಲಿದ್ದ ನಿರೀಕ್ಷೆ ಬಾರ್ನ್ಸ್‌ನ ಮೇಲಿದ್ದುದಕ್ಕಿಂತ ದೊಡ್ಡದು. ಆ ನವೆಂಬರ್‌ನಲ್ಲಿ ಮೊದಲ ವರ್ಷದ ಹುಡುಗರ ತಂಡ, ಎರಡು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತನ್ನದೇ ವಿಶ್ವವಿದ್ಯಾಲಯದ ಮುಖ್ಯ ತಂಡವನ್ನು 75-60ರಿಂದ ಸೋಲಿಸಿತು. ಆಲ್ಸಿಂಡರ್ 31 ಅಂಕ ಗಳಿಸಿದ. ಆದರೂ ಅವನು ಒಂದಿಡೀ ವರ್ಷ ಕಾಯಬೇಕಾಯಿತು. ಮುಂದಿನ ಮೂರು ವರ್ಷಗಳಲ್ಲಿ ಯುಸಿಎಲ್‌ಎ 88 ಪಂದ್ಯ ಗೆದ್ದು 2 ಮಾತ್ರ ಸೋತು ಮೂರೂ ವರ್ಷ ಚಾಂಪಿಯನ್ ಆಯಿತು. ಅವನಂಥವನಿಗೆ ಆ ವರ್ಷದ ಕಾಯುವಿಕೆ ಬೇಕಿರಲಿಲ್ಲ ಎಂದು ವಾದಿಸಬಹುದು. ಬೇರೆಯವರಿಗೆ ಬೇಕಿತ್ತು. ನ್ಯೂಯಾರ್ಕ್‌ನ ಫೆಲಿಪೆ ಲೋಪೆಜ್ ಅಂಥವನು. ಡೊಮಿನಿಕನ್ ರಿಪಬ್ಲಿಕ್‌ನಿಂದ ವಲಸೆ ಬಂದ ಈ ಹುಡುಗ ಸೇಂಟ್ ಜಾನ್ಸ್ ತಂಡಕ್ಕಾಗಿ ಇನ್ನೂ ಒಂದು ಪಂದ್ಯವನ್ನೂ ಆಡದಿದ್ದಾಗ, 1994ರಲ್ಲಿ, ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟದಲ್ಲಿ ಸ್ವಾತಂತ್ರ್ಯ ದೇವತೆಯ ಪ್ರತಿಮೆಯೊಂದಿಗೆ ಕಾಣಿಸಿಕೊಂಡಿದ್ದ. ಒಂದು ತಂಡದ ನಿರೀಕ್ಷೆಯ ಜೊತೆಗೆ ಒಂದು ವಲಸಿಗ ಸಮುದಾಯದ ಕನಸೂ ಅವನ ಹೆಗಲೇರಿತ್ತು. ಆತ ನಾಲ್ಕು ವರ್ಷ ಚೆನ್ನಾಗಿಯೇ ಆಡಿದ, ತನ್ನ ವಿಶ್ವವಿದ್ಯಾಲಯದ ಅತಿ ಹೆಚ್ಚು ಅಂಕ ಗಳಿಸಿದವರ ಸಾಲಿಗೆ ಸೇರಿದ. ಆದರೆ ತಂಡ ರಾಷ್ಟ್ರೀಯ ಟೂರ್ನಿ ತಲುಪಿದ್ದು ಅವನ ಕೊನೆಯ ವರ್ಷದಲ್ಲಿ ಮಾತ್ರ. ಹೀಗಾಗಿ ಅವನ ಹೆಸರು ಬಂದಾಗಲೆಲ್ಲ "ನಿರೀಕ್ಷೆ ಹುಸಿಯಾಯಿತು" ಎಂಬ ಮಾತೂ ಹಿಂದೆಯೇ ಬರುತ್ತದೆ. ವಲಸೆ ಬಂದ ನಮಗೆ, ಮಕ್ಕಳ ಹೆಗಲ ಮೇಲೆ ಏನೇನು ಹೊರಿಸಬಹುದು ಎಂಬುದು ತಿಳಿಯದ ವಿಷಯವಲ್ಲ.

2006ರಿಂದ ನಿಯಮ ಇನ್ನೊಂದು ಬಗೆಯಲ್ಲಿ ಬದಲಾಯಿತು. ವೃತ್ತಿಪರ ಲೀಗ್ ಆದ ಎನ್‌ಬಿಎ ಸೇರಬೇಕಾದರೆ ಆ ವರ್ಷದೊಳಗೆ ಹತ್ತೊಂಬತ್ತು ತುಂಬುವಂತಿರಬೇಕು, ಹೈಸ್ಕೂಲ್ ಮುಗಿದು ಒಂದು ವರ್ಷವಾಗಿರಬೇಕು. ಹೀಗಾಗಿ ಅತ್ಯುತ್ತಮ ಹುಡುಗರು ಒಂದೇ ವರ್ಷಕ್ಕೆಂದು ಕಾಲೇಜಿಗೆ ಬರತೊಡಗಿದರು. ನಾಲ್ಕು ವರ್ಷಗಳಲ್ಲಿ ಹಂಚಿಹೋಗುತ್ತಿದ್ದ ನಿರೀಕ್ಷೆಯನ್ನು ನವೆಂಬರ್‌ನಿಂದ ಮಾರ್ಚ್‌ವರೆಗಿನ ಐದು ತಿಂಗಳಿಗೆ ಹಿಂಡಿ ತುಂಬಿದಂತಾಯಿತು. ಬಾರ್ನ್ಸ್ ಜೊತೆಯಲ್ಲೇ 2010ರಲ್ಲಿ ಡ್ಯೂಕ್ ಸೇರಿದ ಕೈರಿ ಅರ್ವಿಂಗ್ ಕಾಲ್ಬೆರಳಿನ ಗಾಯದಿಂದ ಒಟ್ಟು 11 ಪಂದ್ಯಗಳನ್ನಷ್ಟೇ ಆಡಿ ಹೊರಟುಹೋದ. ಇತ್ತೀಚಿನ ಕೂಪರ್ ಫ್ಲಾಗ್‌ನನ್ನು ನೀವೆಲ್ಲ ನೋಡಿದ್ದೀರಿ. ಮೇಯ್ನ್ ರಾಜ್ಯದ ನ್ಯೂಪೋರ್ಟ್ ಎಂಬ ಸಣ್ಣ ಊರಿನಿಂದ ಬಂದ ಆ ಹುಡುಗ 2024-25ರಲ್ಲಿ ಡ್ಯೂಕ್‌ಗಾಗಿ ಮಾಡಿದ್ದಕ್ಕಿಂತ ಹೆಚ್ಚು ಮಾಡುವುದು ಹದಿನೆಂಟರ ಯಾರಿಂದಲೂ ಸಾಧ್ಯವಿರಲಿಲ್ಲ: ತಂಡಕ್ಕೆ 35 ಗೆಲುವು, 4 ಸೋಲು, ಅವನಿಗೆ ದೇಶದ ಅತ್ಯುತ್ತಮ ಆಟಗಾರನೆಂಬ ಮನ್ನಣೆ. ಆದರೆ ಏಪ್ರಿಲ್ 5ರಂದು ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಹ್ಯೂಸ್ಟನ್ ವಿರುದ್ಧ ಹದಿನಾಲ್ಕು ಅಂಕಗಳ ಮುನ್ನಡೆ ಕರಗಿ, ಕೊನೆಯ ಕ್ಷಣಗಳಲ್ಲಿ ಅವನ ಎಸೆತ ಬುಟ್ಟಿಗೆ ಬೀಳದೆ, 70-67ರಿಂದ ಡ್ಯೂಕ್ ಸೋತಾಗ, ಮರುದಿನ ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ಜನ ಮಾತಾಡಿದ್ದು ಆ ಒಂದು ಎಸೆತದ ಬಗ್ಗೆ. ಅದೇ ಪಂದ್ಯದಲ್ಲಿ ಆತ ಗಳಿಸಿದ 27 ಅಂಕಗಳು ಯಾರ ಬಾಯಲ್ಲೂ ಇರಲಿಲ್ಲ.

ಈಗ ಹಣವೂ ಸೇರಿಕೊಂಡಿದೆ. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರವನ್ನು ಬಳಸಲು ಬಿಟ್ಟು ಹಣ ಗಳಿಸಬಹುದು; 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಕೊಡಬಹುದು. ಇದು ನ್ಯಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅವರ ಆಟದಿಂದ ಕ್ರೀಡಾಂಗಣಗಳು ತುಂಬುತ್ತಿದ್ದ ಎಷ್ಟೋ ವರ್ಷ ಅವರಿಗೆ ಸ್ಕಾಲರ್‌ಶಿಪ್ ಬಿಟ್ಟರೆ ಹೆಚ್ಚೇನೂ ಸಿಗುತ್ತಿರಲಿಲ್ಲ. ಆದರೆ ಸಾಲದ ಭಾಷೆ ಇದರಿಂದ ಇನ್ನಷ್ಟು ಗಟ್ಟಿಯಾಯಿತು. "ಇಷ್ಟು ಕೊಟ್ಟಿದ್ದೇವೆ" ಎಂದು ಹೇಳುವವರನ್ನು ನಾನು ಈಗ ಕೇಳುತ್ತೇನೆ, ಹಾಗೆ ಹೇಳುವವರು ಒಂದು ಡಾಲರನ್ನೂ ಕೊಟ್ಟಿರುವುದಿಲ್ಲ.

ಬಾರ್ನ್ಸ್‌ನ ಕತೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಆತ ಒಂದು ವರ್ಷಕ್ಕೇ ಹೊರಡಬಹುದಿತ್ತು, ಹೊರಡಲಿಲ್ಲ. ಎರಡನೆಯ ವರ್ಷಕ್ಕೆ ಉಳಿದ. ಟೈಲರ್ ಜೆಲ್ಲರ್, ಜಾನ್ ಹೆನ್ಸನ್, ಮಾರ್ಷಲ್ ಕೂಡ ಇದ್ದುದರಿಂದ 2011-12ರ ಆರಂಭದಲ್ಲಿ ತಂಡಕ್ಕೆ ದೇಶದಲ್ಲಿ ಮೊದಲ ಸ್ಥಾನ ಸಿಕ್ಕಿತು. ಮಾರ್ಷಲ್ ಆ ವರ್ಷ 351 ಅಸಿಸ್ಟ್‌ಗಳೊಂದಿಗೆ ಎಸಿಸಿ ದಾಖಲೆ ಬರೆದ. 2012ರ ಮಾರ್ಚ್ 18ರ ಭಾನುವಾರ ಗ್ರೀನ್ಸ್‌ಬರೊದಲ್ಲಿ ರಾಷ್ಟ್ರೀಯ ಟೂರ್ನಿಯ ಪಂದ್ಯಕ್ಕೆ ನೆರೆಮನೆಯ ಗೆಳೆಯರೊಂದಿಗೆ ನಾನೂ ಹೋಗಿದ್ದೆ. ಎದುರಾಳಿ ತಂಡ ಕ್ರೈಟನ್. ಏಮ್ಸ್‌ನ ಇಬ್ಬರು ಹುಡುಗರು ಒಂದೇ ಅಂಕಣದಲ್ಲಿ ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ನಿಂತಿದ್ದರು. ನಮ್ಮ ಸಾಲಿನಲ್ಲಿ ಕುಳಿತವರೆಲ್ಲ ಬಾರ್ನ್ಸ್‌ನ ಪ್ರತಿಯೊಂದು ಎಸೆತವನ್ನೂ ಎಣಿಸುತ್ತಿದ್ದೆವು. ಎರಡನೆಯ ಅರ್ಧದಲ್ಲಿ ಮಾರ್ಷಲ್ ಬುಟ್ಟಿಯತ್ತ ನುಗ್ಗುವಾಗ ತಳ್ಳಲ್ಪಟ್ಟು ಬಿದ್ದ, ಎದ್ದ, ಆಡುತ್ತಲೇ ಇದ್ದ. ನಾವು ಅದಕ್ಕೆ ಹೆಚ್ಚು ಗಮನ ಕೊಡಲಿಲ್ಲ. 87-73ರಿಂದ ಗೆದ್ದು, ಹೆದ್ದಾರಿಯಲ್ಲಿ ಕಾರು ಮನೆಯತ್ತ ಸಾಗುತ್ತಿದ್ದಾಗ ರೇಡಿಯೊದಲ್ಲಿ ಸುದ್ದಿ ಬಂತು: ಮಾರ್ಷಲ್‌ನ ಬಲಗೈ ಮಣಿಕಟ್ಟು ಮುರಿದಿದೆ.

ಐದು ದಿನಗಳ ನಂತರ ಓಹಾಯೊ ವಿಶ್ವವಿದ್ಯಾಲಯದ ವಿರುದ್ಧ ಬಾರ್ನ್ಸ್‌ನ 16 ಎಸೆತಗಳಲ್ಲಿ 3 ಮಾತ್ರ ಬುಟ್ಟಿ ಸೇರಿದವು. ಹೆಚ್ಚುವರಿ ಅವಧಿಯಲ್ಲಿ ತಂಡ ಹೇಗೋ ಗೆದ್ದಿತು. ಮಾರ್ಚ್ 25ರಂದು ಕ್ಯಾನ್ಸಸ್ ವಿರುದ್ಧ 80-67ರಿಂದ ಸೋತು ಎಲ್ಲವೂ ಮುಗಿಯಿತು. ಜೂನ್‌ನಲ್ಲಿ ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಾಗ ಗೋಲ್ಡನ್ ಸ್ಟೇಟ್ ತಂಡ ಅವನನ್ನು ಏಳನೆಯವನಾಗಿ ಆರಿಸಿಕೊಂಡಿತು. 2015ರಲ್ಲಿ ಆ ತಂಡದೊಂದಿಗೆ ಎನ್‌ಬಿಎ ಚಾಂಪಿಯನ್ ಆದ, 2016ರಲ್ಲಿ ಒಲಿಂಪಿಕ್ ಚಿನ್ನ ಪಡೆದ, ಹತ್ತು ವರ್ಷಕ್ಕೂ ಮಿಕ್ಕಿ ವೃತ್ತಿಪರ ಆಟಗಾರನಾಗಿ ಬಾಳಿದ.

ಕ್ಯಾನ್ಸಸ್ ಪಂದ್ಯದ ರಾತ್ರಿ ನೆರೆಮನೆಯ ಗೆಳೆಯ ಟಿವಿ ಆರಿಸಿ, "ಕೊನೆಗೂ ಬಾರ್ನ್ಸ್ ನಮ್ಮ ಕೈಬಿಟ್ಟ" ಎಂದ. ನಾನೂ ಹೌದೆಂದೆ. ಆ ಮಾತನ್ನು ಹಿಂದಕ್ಕೆ ಪಡೆಯಬೇಕೆಂದು ನನಗೆ ಅನೇಕ ವರ್ಷಗಳಿಂದ ಅನ್ನಿಸುತ್ತಿದೆ. ಈಗ ಯಾರಾದರೂ ಬಾರ್ನ್ಸ್ ಬಗ್ಗೆ ಕೇಳಿದರೆ, ಮಾರ್ಷಲ್‌ನ ಮಣಿಕಟ್ಟಿನಿಂದಲೇ ಮಾತು ಆರಂಭಿಸುತ್ತೇನೆ.